ಕರೆಯೋಲೆ ಕೊಟ್ಟಾಯಿತು, ಎಲೆ ಹಾಕಿದ್ದೇವಾ?

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ದಿನಾ ಓಡಾಡುವವರಿಗೆ ಒಂದು ಲೆಕ್ಕ ಗೊತ್ತಿರುತ್ತದೆ. ಮೇಖ್ರಿ ವೃತ್ತದ ಹತ್ತಿರ ಹೊತ್ತಲ್ಲದ ಹೊತ್ತಿನಲ್ಲಿ ಗಾಡಿಗಳು ನಿಂತುಬಿಟ್ಟರೆ, ಅರಮನೆ ಮೈದಾನದಲ್ಲಿ ಒಂದೋ ದೊಡ್ಡವರ ಮನೆ ಮದುವೆ ಇರಬೇಕು, ಇಲ್ಲವೇ ಬಂಡವಾಳ ಹೂಡಿಕೆದಾರರ ಸಮಾವೇಶ ಇರಬೇಕು. ನೋಡುವುದಕ್ಕೆ ಎರಡೂ ಒಂದೇ ಥರ. ಶಾಮಿಯಾನ, ಹೂವಿನ ಅಲಂಕಾರ, ಪೊಲೀಸ್ ಕಾವಲು, ಒಳ್ಳೆ ಊಟ. ಮದುವೆಯಾದರೆ ಸೊಸೆ ಮನೆಗೆ ಬಂದಳೋ ಇಲ್ಲವೋ ಅನ್ನುವುದು ಮಾರನೇ ದಿನವೇ ಗೊತ್ತಾಗುತ್ತದೆ. ಸಮಾವೇಶದ್ದು ಹತ್ತು ವರ್ಷ ಕಳೆದರೂ ಗೊತ್ತಾಗುವುದಿಲ್ಲ.

2025ರ ಫೆಬ್ರುವರಿ 11ರಿಂದ 14ರವರೆಗೆ ಅದೇ ಮೈದಾನದಲ್ಲಿ ‘ಇನ್ವೆಸ್ಟ್ ಕರ್ನಾಟಕ’ ನಡೆಯಿತು. ಇಷ್ಟು ಹೂಡಿಕೆ ಬರುತ್ತದೆ ಎಂದು ಕೊನೆಯ ದಿನ ಸರ್ಕಾರ ಹೇಳಿದ ಮೊತ್ತ ₹10.27 ಲಕ್ಷ ಕೋಟಿ. ಇದರಿಂದ ಸುಮಾರು 6 ಲಕ್ಷ ಕೆಲಸ ಹುಟ್ಟುತ್ತದೆ, ಮುಕ್ಕಾಲು ಪಾಲು ಹಣ ಬೆಂಗಳೂರಿನ ಆಚೆಗೆ ಹೋಗುತ್ತದೆ, ಶೇ 45ರಷ್ಟು ಉತ್ತರ ಕರ್ನಾಟಕಕ್ಕೇ ಸಿಗುತ್ತದೆ ಎಂದರು. ಅದಕ್ಕೂ ಹಿಂದೆ, 2022ರ ನವೆಂಬರ್‌ನಲ್ಲಿ, ಇನ್ನೊಂದು ಪಕ್ಷದ ಸರ್ಕಾರ ಇದ್ದಾಗ ಹೇಳಿದ್ದು ₹9.8 ಲಕ್ಷ ಕೋಟಿ. 2012ರಲ್ಲಿ ₹6.77 ಲಕ್ಷ ಕೋಟಿ. 2010ರಲ್ಲಿ ಸುಮಾರು ₹3.9 ಲಕ್ಷ ಕೋಟಿ. ಈ ಸಂಪ್ರದಾಯ ಶುರುವಾದದ್ದು 2000ದ ಜೂನ್‌ನಲ್ಲಿ, ಎಸ್‌.ಎಂ. ಕೃಷ್ಣ ಮುಖ್ಯಮಂತ್ರಿ ಆಗಿದ್ದಾಗ. ಪಕ್ಷ ಯಾವುದೇ ಇರಲಿ, ಹಬ್ಬ ಮಾತ್ರ ನಿಂತಿಲ್ಲ.

ಇಷ್ಟು ಹಣ ನಿಜವಾಗಿ ಬಂದಿದ್ದರೆ ನಾವೆಲ್ಲ ಈಗ ಎಲ್ಲಿರಬೇಕಿತ್ತು ಅಂತ ಓದುಗರು ಕೇಳಬಹುದು. ಹಾಗಂತ ಸರ್ಕಾರ ಸುಳ್ಳು ಹೇಳುತ್ತಿದೆ ಎಂದಲ್ಲ. ಆ ಮೊತ್ತದ ಒಳಗೆ ಏನೇನು ಸೇರಿರುತ್ತದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ, ಅಷ್ಟೇ.

ಅದರಲ್ಲಿ ಎರಡು ಥರದ ಹಣ ಇರುತ್ತದೆ. ಒಂದು, ಸರ್ಕಾರದ ಸಮಿತಿಗಳು ಈಗಾಗಲೇ ಒಪ್ಪಿಗೆ ಕೊಟ್ಟ ಯೋಜನೆಗಳದ್ದು. ಇನ್ನೊಂದು, ಒಡಂಬಡಿಕೆಯದ್ದು. ಪತ್ರಿಕೆಗಳಲ್ಲಿ ಎಂಒಯು ಅಂತ ಬರುತ್ತದಲ್ಲ, ಅದು. ಈ ಒಡಂಬಡಿಕೆಯಿಂದ ಕಾನೂನಿನ ಪ್ರಕಾರ ಯಾರೂ ಕಟ್ಟುಬೀಳುವುದಿಲ್ಲ. ಕಂಪನಿ ಬರದಿದ್ದರೆ ದಂಡ ಇಲ್ಲ, ಸರ್ಕಾರ ಜಾಗ ಕೊಡದಿದ್ದರೆ ಕೇಸೂ ಇಲ್ಲ. ಮದುವೆ ಮಾತಿಗೆ ಹೋಲಿಸಿದರೆ ನಿಶ್ಚಿತಾರ್ಥವೂ ಅಲ್ಲ. ಹೆಣ್ಣು ನೋಡುವುದಕ್ಕೆ ಬಂದು ಉಪ್ಪಿಟ್ಟು, ಕೇಸರಿಬಾತ್ ತಿಂದು, ‘ಊರಿಗೆ ಹೋಗಿ ಹೇಳಿ ಕಳಿಸುತ್ತೇವೆ’ ಅನ್ನುವ ಹಂತ.

ಆಮೇಲಿನದು ಉದ್ದದ ದಾರಿ. ಮೊದಲ ಬಾಗಿಲು ಕರ್ನಾಟಕ ಉದ್ಯೋಗ ಮಿತ್ರ. ಹೊರಗಿನಿಂದ ಬರುವ ಉದ್ಯಮಿಗೆ ದಾರಿ ತೋರಿಸುವುದಕ್ಕೇ ಇರುವ ಸರ್ಕಾರಿ ಸಂಸ್ಥೆ ಇದು. ₹15 ಕೋಟಿವರೆಗಿನ ಯೋಜನೆಯನ್ನು ಜಿಲ್ಲಾಧಿಕಾರಿಯ ಸಮಿತಿ ನೋಡುತ್ತದೆ. ಅದರಿಂದ ₹500 ಕೋಟಿವರೆಗೆ ಕೈಗಾರಿಕಾ ಸಚಿವರ ಸಮಿತಿ. ಅದಕ್ಕೂ ಮೇಲೆ ಹೋದರೆ ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಮಟ್ಟದ ಸಮಿತಿ. ಒಪ್ಪಿಗೆ ಸಿಕ್ಕ ಮೇಲೆ ಜಾಗ ಬೇಕು. ಅದು ಕೆಐಎಡಿಬಿ, ಅಂದರೆ ಕೈಗಾರಿಕಾ ಪ್ರದೇಶ ಅಭಿವೃದ್ಧಿ ಮಂಡಳಿಯ ಕೆಲಸ. 1966ರ ಕಾಯ್ದೆ ಪ್ರಕಾರ ರೈತರ ಜಮೀನಿಗೆ ಮೊದಲು ಪ್ರಾಥಮಿಕ ಅಧಿಸೂಚನೆ, ಆಮೇಲೆ ಅಂತಿಮ ಅಧಿಸೂಚನೆ, ಪರಿಹಾರ, ತಕರಾರು, ಕೋರ್ಟು. ಜಾಗ ಕೈಗೆ ಬಂದ ಮೇಲೆ ವಿದ್ಯುತ್, ನೀರು, ಅಗ್ನಿಶಾಮಕ ದಳದ ಎನ್‌ಒಸಿ, ಕಟ್ಟಡದ ನಕ್ಷೆ. ಮಾಲಿನ್ಯ ನಿಯಂತ್ರಣ ಮಂಡಳಿಯದ್ದೇ ಎರಡು ಸಲ: ಕಾರ್ಖಾನೆ ಕಟ್ಟುವ ಮೊದಲು ಒಂದು ಒಪ್ಪಿಗೆ, ಓಡಿಸುವ ಮೊದಲು ಇನ್ನೊಂದು.

ಇದನ್ನು ಸಲೀಸು ಮಾಡುವುದಕ್ಕೆ ಪ್ರಯತ್ನ ಆಗಿಲ್ಲ ಅಂತಲ್ಲ. 2002ರಲ್ಲೇ ಕೈಗಾರಿಕಾ ಸೌಲಭ್ಯ ಕಾಯ್ದೆ ಬಂತು. 2020ರ ತಿದ್ದುಪಡಿ ನಿಜಕ್ಕೂ ಧೈರ್ಯದ್ದು. ಸಮಿತಿಯ ಒಪ್ಪಿಗೆ ಸಿಕ್ಕವರು ಒಂದು ಅಫಿಡವಿಟ್ ಕೊಟ್ಟು ಕಟ್ಟಡ ಶುರು ಮಾಡಬಹುದು, ರಾಜ್ಯದ ಹಲವು ಅನುಮತಿಗಳನ್ನು ಮೂರು ವರ್ಷದೊಳಗೆ ತಂದರೆ ಸಾಕು. 2025ರಲ್ಲಿ ಹೊಸ ಏಕಗವಾಕ್ಷಿ ಪೋರ್ಟಲ್ ಕೂಡ ಬಂತು. 30 ಇಲಾಖೆಗಳ 150ರಷ್ಟು ಸೇವೆಗಳು ಒಂದೇ ಕಡೆ ಎಂದು ಹೇಳಿದ್ದಾರೆ. ಕಿಟಕಿ ಒಂದೇ ಆದರೂ ಒಳಗೆ ಮೇಜುಗಳು ಮೂವತ್ತು ಇವೆ ಅನ್ನುವುದು ಫೈಲು ಹಿಡಿದು ಓಡಾಡಿದವರಿಗೆ ಗೊತ್ತು.

ಆದರೂ ನನಗೆ ಫೈಲಿಗಿಂತ ದೊಡ್ಡ ತೊಡಕಾಗಿ ಕಾಣುವುದು ನೆಲ.

ಹಳ್ಳಿಗುಡಿಯಿಂದ ಚನ್ನರಾಯಪಟ್ಟಣದವರೆಗೆ

2010ರ ಸಮಾವೇಶದ ದೊಡ್ಡ ಹೆಸರು ಪೋಸ್ಕೊ. ದಕ್ಷಿಣ ಕೊರಿಯಾದ ಉಕ್ಕಿನ ಕಂಪನಿ. ಗದಗ ಜಿಲ್ಲೆಯ ಹಳ್ಳಿಗುಡಿ ಹತ್ತಿರ ₹32,336 ಕೋಟಿಯ ಕಾರ್ಖಾನೆ ಎಂದು ಸಹಿ ಆಯಿತು. ಅಲ್ಲಿನದು ಒಳ್ಳೆ ಎರೆಭೂಮಿ. ರೈತರು ಬೀದಿಗಿಳಿದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು. ಒಂದೇ ವರ್ಷದಲ್ಲಿ, 2011ರ ಜುಲೈನಲ್ಲಿ, ಆ ಕಂಪನಿಯನ್ನು ಕರೆತಂದ ಯಡಿಯೂರಪ್ಪನವರ ಸರ್ಕಾರವೇ ಭೂಸ್ವಾಧೀನ ಕೈಬಿಟ್ಟಿತು.

ಬಳ್ಳಾರಿಯ ಕುಡತಿನಿಯದು ಇನ್ನೂ ಬೇಸರದ ಕಥೆ. ಅದೇ ಸಮಾವೇಶದಲ್ಲಿ ಆರ್ಸೆಲರ್ ಮಿತ್ತಲ್ ಕಂಪನಿ ₹30,000 ಕೋಟಿಯ ಉಕ್ಕಿನ ಕಾರ್ಖಾನೆ ಕಟ್ಟುತ್ತೇನೆ ಎಂದಿತು. ಅಲ್ಲಿ ಜಮೀನು ಹೋಯಿತು. ಕಾರ್ಖಾನೆ ಬರಲಿಲ್ಲ. ಕೆಲಸ ಸಿಗುತ್ತದೆ ಎಂದು ಹೊಲ ಕೊಟ್ಟವರು ಪರಿಹಾರಕ್ಕಾಗಿ ಧರಣಿ ಕೂತರು. ಹಾಗೆ ಕೊಟ್ಟವರ ಮಕ್ಕಳು ಇನ್ನೊಂದು ಸಮಾವೇಶದ ಸುದ್ದಿ ಓದುವಾಗ ಅವರಿಗೆ ಏನನ್ನಿಸುತ್ತದೆ?

ಇದರಿಂದ ಪಾಠ ಕಲಿತಿದ್ದೇವೆ ಅಂದುಕೊಂಡರೆ, 2025ರ ಫೆಬ್ರುವರಿ ಬಂತು. ಅರಮನೆ ಮೈದಾನದ ಶಾಮಿಯಾನ ಬಿಚ್ಚಿ ಹತ್ತು ದಿನ ಆಗಿತ್ತು. ಫೆಬ್ರುವರಿ 24ಕ್ಕೆ ಕೊಪ್ಪಳ ಬಂದ್. ಊರ ಪಕ್ಕದಲ್ಲೇ ಬರಲಿದ್ದ ₹54,000 ಕೋಟಿಯ ಉಕ್ಕಿನ ಕಾರ್ಖಾನೆ ಬೇಡ ಎಂದು ಗವಿಮಠದ ಸ್ವಾಮೀಜಿಯೇ ಜನರ ಜೊತೆ ನಡೆದರು. ಈಗಾಗಲೇ ಇರುವ ಕಾರ್ಖಾನೆಗಳ ಹೊಗೆ, ದೂಳೇ ಸಾಕಾಗಿದೆ ಅನ್ನುವುದು ಊರವರ ಮಾತು. ಕೆಲವೇ ದಿನಗಳಲ್ಲಿ ಕೆಲಸ ನಿಲ್ಲಿಸಿ ಎಂದು ಸರ್ಕಾರ ಸೂಚಿಸಿತು. ಈ ಕಂಪನಿ ವಿದೇಶದ್ದಲ್ಲ, ಇಲ್ಲಿನದೇ. ಆದರೆ ಹಳ್ಳಿಗುಡಿಯ ಕಥೆ ಹದಿನಾಲ್ಕು ವರ್ಷ ಆದ ಮೇಲೆ ಪಕ್ಕದ ಜಿಲ್ಲೆಯಲ್ಲಿ ಮತ್ತೆ ನಡೆಯಿತು, ಮಠದ ಸಮೇತ.

ಅದೇ ವರ್ಷ ಜುಲೈ 15ಕ್ಕೆ ಬೆಂಗಳೂರಿನ ಬಾಗಿಲಲ್ಲೇ ಇನ್ನೊಂದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವಿಮಾನ ಬಿಡಿಭಾಗಗಳ ಉದ್ಯಮಕ್ಕೆಂದು ಗುರುತಿಸಿದ್ದ 1,777 ಎಕರೆಯ ಸ್ವಾಧೀನವನ್ನು ಮುಖ್ಯಮಂತ್ರಿ ಸಿದ್ದರಾಮಯ್ಯ ಕೈಬಿಟ್ಟರು. ರೈತರು 1,198 ದಿನ ಧರಣಿ ಕೂತಿದ್ದರು. ಮೂರು ವರ್ಷಕ್ಕೂ ಜಾಸ್ತಿ! ರಾಗಿ, ದ್ರಾಕ್ಷಿ, ಹೂವು, ರೇಷ್ಮೆ ಬೆಳೆಯುವ ನೆಲ ಅದು. ಸುದ್ದಿ ಬಂದ ಮೇಲೆ ಹೆಚ್ಚು ಹೊತ್ತಾಗಲಿಲ್ಲ, ಪಕ್ಕದ ಆಂಧ್ರದ ಸಚಿವ ನಾರಾ ಲೋಕೇಶ್ ಆ ಉದ್ಯಮದವರಿಗೆ ‘ನಮ್ಮಲ್ಲಿಗೆ ಬನ್ನಿ, ಬೆಂಗಳೂರಿಗೆ ಹತ್ತಿರದಲ್ಲೇ 8,000 ಎಕರೆ ಸಿದ್ಧ ಇದೆ’ ಅನ್ನುವ ಅರ್ಥದ ಕರೆ ಕೊಟ್ಟರು. ಬೆಂಗಳೂರಿನ ಹೆಸರನ್ನೇ ಹಿಡಿದು ಬೆಂಗಳೂರಿನ ಗಿರಾಕಿಯನ್ನು ಕರೆದ ಜಾಣತನ ನೋಡಿ, ಕೋಪ ಬಂದರೂ ನಗು ಬರುತ್ತದೆ.

ಇದನ್ನು ‘ರೈತರಿಂದ ಹೂಡಿಕೆ ಹೋಯಿತು’ ಎಂದು ಬರೆದವರೂ ಇದ್ದರು. ನಾನು ಹಾಗೆ ನೋಡುವುದಿಲ್ಲ. ಮನೆಯವರನ್ನು ಕೇಳದೆ ಬೀಗರಿಗೆ ಮಾತು ಕೊಟ್ಟರೆ ತಪ್ಪು ಮನೆಯವರದ್ದಾ? ನೆಲ ಸಿದ್ಧ ಇಲ್ಲದೆ ಕಂಪನಿಗೆ ಕೈ ಕೊಡುವುದು, ಆಮೇಲೆ ಊರವರ ಮೇಲೆ ಒತ್ತಡ ಹಾಕುವುದು, ಕೊನೆಗೆ ಹಿಂದೆ ಸರಿಯುವುದು. ಇದರಿಂದ ಮೂರೂ ಕಡೆಯವರಿಗೆ ನಷ್ಟ. ಜಗತ್ತಿನ ಯಾವ ಮೂಲೆಯ ಹೂಡಿಕೆದಾರನೂ ಮೊದಲು ಕೇಳುವುದು ರಿಯಾಯಿತಿ ಎಷ್ಟು ಅಂತಲ್ಲ. ಯಾವ ತಿಂಗಳು ಬೀಗದ ಕೈ ಕೊಡುತ್ತೀರಿ ಅಂತ.

ಶಾಮಿಯಾನ ಇಲ್ಲದೆ ಬಂದವರು

ಈ ಊರಿಗೆ ವಿದೇಶಿ ಕಂಪನಿಗಳು ಬಂದ ರೀತಿಯನ್ನು ಒಮ್ಮೆ ಹಿಂದಕ್ಕೆ ಹೋಗಿ ನೋಡಬೇಕು. ಮೈಕೋ, ಈಗಿನ ಬಾಷ್, 1950ರ ದಶಕದ ಆರಂಭದಲ್ಲೇ ಆಡುಗೋಡಿಗೆ ಬಂತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂತು. ಅವರ ಉಪಗ್ರಹ ಸಂಪರ್ಕದ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದರು ಅನ್ನುವ ಕಥೆ ಇವತ್ತಿಗೂ ಬೆಂಗಳೂರಿನ ಐಟಿ ಜನ ಹೇಳುತ್ತಾರೆ. ಆಗ ಸಮಾವೇಶವೂ ಇರಲಿಲ್ಲ, ಪೋರ್ಟಲ್ಲೂ ಇರಲಿಲ್ಲ. ಇದ್ದದ್ದು ಟಾಟಾ ಇನ್‌ಸ್ಟಿಟ್ಯೂಟ್ (ಐಐಎಸ್‌ಸಿ), ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಇಸ್ರೊ. ಕೆಲಸ ಗೊತ್ತಿದ್ದ ಜನ ಇದ್ದರು. ಗಲಾಟೆ ಇಲ್ಲದ ಊರು, ತಂಪು ಹವೆ ಬೇರೆ.

ಇನ್ನೂ ಹಿಂದಕ್ಕೆ ಹೋದರೆ 1916. ಯುರೋಪಿನಲ್ಲಿ ಯುದ್ಧ. ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಕೊಳ್ಳುವವರಿಲ್ಲದೆ ರಾಶಿ ಬಿದ್ದಿತ್ತು. ಮರ ಮಾರುವ ಬದಲು ಎಣ್ಣೆ ತೆಗೆದು ಮಾರೋಣ ಎಂದು ನಾಲ್ವಡಿಯವರ ಸರ್ಕಾರ ತೀರ್ಮಾನಿಸಿತು. ಎರಡು ವರ್ಷದ ಮೇಲೆ ಅದರಿಂದ ಸಾಬೂನೂ ಬಂತು. ಅದೇ 1916ರಲ್ಲಿ ವಿಶ್ವೇಶ್ವರಯ್ಯನವರು ಮೈಸೂರು ವಾಣಿಜ್ಯ ಮಂಡಳಿ ಕಟ್ಟಿದರು. ರಾಜ್ಯದ ವ್ಯಾಪಾರಿ, ಉದ್ಯಮಿಗಳ ಸಂಘವಾದ ಇವತ್ತಿನ ಎಫ್‌ಕೆಸಿಸಿಐ ಅದೇ. ಹೊರಗಿನ ಮಾರುಕಟ್ಟೆ ಮುಚ್ಚಿದಾಗ ಅವರು ಮೊದಲು ನೋಡಿದ್ದು ಮನೆಯೊಳಗೆ ಏನಿದೆ ಅಂತ.

ಈಗಲೂ ನಂಬಬಹುದಾದ ಹಣ ಬರುವುದು ಮೊದಲೇ ಬಂದು ನೆಲೆಯೂರಿದವರಿಂದ. ಬಿಡದಿಯ ಟೊಯೋಟ ನೋಡಿ. 1997ರಲ್ಲಿ ಕಂಪನಿ ಶುರು, 1999ರ ಕೊನೆಗೆ ಕ್ವಾಲಿಸ್ ಗಾಡಿ. ಆಮೇಲೆ ಎರಡನೇ ಕಾರ್ಖಾನೆ. ಹಳ್ಳಿ ಹುಡುಗರಿಗೆ ತರಬೇತಿ ಕೊಡುವ ಸಂಸ್ಥೆ 2007ರಲ್ಲಿ. ನಡುವೆ ಮುಷ್ಕರ, ಬೀಗಮುದ್ರೆ ಎಲ್ಲವೂ ಆಯಿತು. ಆದರೂ 2023ರ ನವೆಂಬರ್‌ನಲ್ಲಿ ಮೂರನೇ ಕಾರ್ಖಾನೆಗೆ ₹3,300 ಕೋಟಿ ಎಂದು ಘೋಷಿಸಿದರು. ಹೊಸಕೋಟೆಯ ವೋಲ್ವೊ ಕೂಡ ಹಾಗೇ. ಲಾರಿ ತಯಾರಿ ಶುರುವಾಗಿ ಕಾಲು ಶತಮಾನ ದಾಟಿದ ಮೇಲೆ, 2025ರಲ್ಲಿ, ಇನ್ನೂ ₹1,400 ಕೋಟಿ ಹಾಕುವುದಾಗಿ ಹೇಳಿದರು. ₹10.27 ಲಕ್ಷ ಕೋಟಿಯ ಮುಂದೆ ಇದು ಚಿಲ್ಲರೆ. ಆದರೆ ಈ ಚಿಲ್ಲರೆಗೆ ವಿಳಾಸ ಇದೆ, ಗೇಟು ಇದೆ, ಬೆಳಿಗ್ಗೆ ಆರಕ್ಕೆ ಬರುವ ಶಿಫ್ಟಿನ ಬಸ್ಸಿದೆ.

ಬಂದವರನ್ನು ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಕಂಪನಿ ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಅಲ್ಲ. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುವ ತೈವಾನ್ ಕಂಪನಿಯ ಕಾರ್ಖಾನೆಗೆ ಕಾರ್ಮಿಕರೇ ಕಲ್ಲು ಹೊಡೆದರು. ಸಂಬಳ ಸರಿಯಾಗಿ ಬರುತ್ತಿಲ್ಲ, ಹೊತ್ತು ಮೀರಿ ದುಡಿದದ್ದಕ್ಕೆ ದುಡ್ಡು ಸಿಗುತ್ತಿಲ್ಲ ಎಂಬ ದೂರು ಇತ್ತು. ಒಂದು ಬೆಳಗಿನ ಗಲಾಟೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಕಾರ್ಮಿಕ ಇಲಾಖೆಯವರು ತಿಂಗಳಿಗೊಮ್ಮೆ ಹೋಗಿ ಸಂಬಳದ ಪುಸ್ತಕ ನೋಡಿದ್ದರೆ, ಅದೇ ರಾಜ್ಯದ ದೊಡ್ಡ ಪ್ರಚಾರ ಆಗುತ್ತಿತ್ತು. ಆ ಕಾರ್ಖಾನೆಯನ್ನು 2023ರಲ್ಲಿ ಟಾಟಾದವರು ಕೊಂಡರು. ಈಗ ದೇವನಹಳ್ಳಿ ಕಡೆ ಫಾಕ್ಸ್‌ಕಾನ್ ಇದೆ. ಅಲ್ಲಿ ಸಾವಿರಾರು ಹೆಣ್ಣುಮಕ್ಕಳು ಎಲ್ಲಿ ಉಳಿದುಕೊಳ್ಳುತ್ತಾರೆ, ರಾತ್ರಿ ಹೇಗೆ ಓಡಾಡುತ್ತಾರೆ ಅನ್ನುವುದೂ ಹೂಡಿಕೆಯ ಪ್ರಶ್ನೆಯೇ.

ಅಂಕಿಯ ಬಗ್ಗೆ ಇನ್ನೊಂದು ಮಾತು, ಯಾಕೆಂದರೆ ಇದರಲ್ಲಿ ತುಂಬಾ ಜನ ಎಡವುತ್ತಾರೆ. ವಿದೇಶಿ ನೇರ ಹೂಡಿಕೆಯಲ್ಲಿ 2021–22ರಲ್ಲಿ ಕರ್ನಾಟಕ ದೇಶಕ್ಕೇ ಮೊದಲು, ಷೇರು ಬಂಡವಾಳದ ಶೇ 38 ನಮ್ಮದು. 2024–25ಕ್ಕೆ ಅದು ಶೇ 13, ಮಹಾರಾಷ್ಟ್ರದ್ದು ಶೇ 39. ಬಿದ್ದುಹೋದೆವಾ? ಅಷ್ಟು ಸರಳ ಅಲ್ಲ. ಈ ಲೆಕ್ಕ ಕಂಪನಿಯ ನೋಂದಾಯಿತ ಕಚೇರಿ ಎಲ್ಲಿದೆ ಅನ್ನುವುದನ್ನು ಹಿಡಿದು ನಡೆಯುತ್ತದೆ. ಕಚೇರಿ ಮುಂಬೈಯಲ್ಲಿದ್ದು ಕಾರ್ಖಾನೆ ತುಮಕೂರಿನಲ್ಲಿದ್ದರೂ ಹಣ ಮಹಾರಾಷ್ಟ್ರದ ಖಾತೆಗೆ ಸೇರಬಹುದು. ಒಂದೆರಡು ದೊಡ್ಡ ವ್ಯವಹಾರ ಬಂದರೆ ಆ ವರ್ಷ ಅಂಕಿ ಜಿಗಿಯುತ್ತದೆ. ಹಾಗಾಗಿ 38 ಬಂದಾಗ ಬೀಗಿದ್ದೂ ಜಾಸ್ತಿ ಆಯಿತು, 13 ಆದಾಗ ಅಳುವುದೂ ಬೇಡ. ಬಾಗಿಲು ತೆರೆದ ಕಾರ್ಖಾನೆ ಎಷ್ಟು, ಬಂದವರಲ್ಲಿ ಮತ್ತೆ ಹಣ ಹಾಕಿದವರು ಎಷ್ಟು ಎಂದು ವರ್ಷಕ್ಕೊಮ್ಮೆ ಜಿಲ್ಲಾವಾರು ಪಟ್ಟಿ ಹಾಕಿದರೆ ಆಗ ಮಾತಾಡಬಹುದು. 2025–30ರ ಹೊಸ ಕೈಗಾರಿಕಾ ನೀತಿ ₹7.5 ಲಕ್ಷ ಕೋಟಿ ಹೂಡಿಕೆ, 20 ಲಕ್ಷ ಉದ್ಯೋಗದ ಗುರಿ ಇಟ್ಟಿದೆ. ಗುರಿಯ ಪಕ್ಕದಲ್ಲಿ ಆ ಪಟ್ಟಿಯೂ ಇದ್ದರೆ ಚೆನ್ನ.

ಬೆಂಗಳೂರಿಗಂತೂ ಪ್ರಚಾರ ಬೇಕಾಗಿಲ್ಲ. ವಿದೇಶಿ ಕಂಪನಿಗಳು ತಮ್ಮದೇ ಕೆಲಸಕ್ಕೆ ತೆರೆಯುವ ಕೇಂದ್ರಗಳಲ್ಲಿ, ಜಿಸಿಸಿ ಅನ್ನುತ್ತಾರಲ್ಲ, ದೇಶದ ಬೇರೆ ಯಾವ ಊರಿಗಿಂತಲೂ ಹೆಚ್ಚು ಇಲ್ಲಿವೆ. 2024ರ ನವೆಂಬರ್‌ನಲ್ಲಿ ರಾಜ್ಯ ಇದಕ್ಕೆಂದೇ ಒಂದು ನೀತಿ ತಂದು, 2029ರೊಳಗೆ ಇನ್ನೂ 500 ಕೇಂದ್ರ ಬರಲಿ ಎಂದಿತು. ಅವು ಬರುತ್ತವೆ. ಹೊರವರ್ತುಲ ರಸ್ತೆಗೇ ಬರುತ್ತವೆ, ಅದೇ ತೊಂದರೆ. ಮೈಸೂರು, ಮಂಗಳೂರು, ಹುಬ್ಬಳ್ಳಿಗೆ ಹೋಗಿ ಅಂದರೆ ವಿದೇಶಿ ಅಧಿಕಾರಿ ಕೇಳುವ ಮೊದಲ ಪ್ರಶ್ನೆ: ನೇರ ವಿಮಾನ ಇದೆಯಾ?

ಇನ್ನು ಸರಕಿನ ವಿಷಯಕ್ಕೆ ಬಂದರೆ ಘಟ್ಟ ಅಡ್ಡ ನಿಲ್ಲುತ್ತದೆ. ಬೆಂಗಳೂರಿನಿಂದ ಮಂಗಳೂರೂ ಸುಮಾರು 350 ಕಿ.ಮೀ., ಚೆನ್ನೈಯೂ ಸುಮಾರು 350 ಕಿ.ಮೀ. ನಮ್ಮದೇ ಬಂದರು ನವಮಂಗಳೂರು 1974ರಿಂದ ಇದೆ. ಆದರೂ ಬೆಂಗಳೂರು ಸುತ್ತಮುತ್ತಲಿನ ಕಾರ್ಖಾನೆಗಳ ಕಂಟೇನರ್‌ಗಳು ಹೆಚ್ಚಾಗಿ ಚೆನ್ನೈ ಕಡೆಗೇ ಹೋಗುತ್ತವೆ. ಶಿರಾಡಿ ಘಾಟಿಯಲ್ಲಿ ಮಳೆಗಾಲ ಬಂದರೆ ಗುಡ್ಡ ಯಾವಾಗ ಜರಿಯುತ್ತದೋ ಗೊತ್ತಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ 55 ಕಿ.ಮೀ. ರೈಲು ದಾರಿಯ ಏರು ಎಷ್ಟು ಕಡಿದು ಎಂದರೆ ಗೂಡ್ಸ್ ರೈಲು ಹತ್ತಿಸುವುದಕ್ಕೆ ಹೆಚ್ಚುವರಿ ಎಂಜಿನ್ ಬೇಕು. ಇತ್ತ ಚೆನ್ನೈ ಎಕ್ಸ್‌ಪ್ರೆಸ್‌ವೇಯ ನಮ್ಮ ಭಾಗದಲ್ಲಿ 2024ರ ಕೊನೆಗೇ ಗಾಡಿಗಳು ಓಡತೊಡಗಿದವು. ‘ಬೆಂಗಳೂರಿನಾಚೆ’ ಎಂದು ಎಷ್ಟೇ ಫಲಕ ಹಾಕಿದರೂ ಸರಕು ಇಳಿಜಾರು ನೋಡಿಕೊಂಡೇ ಹೋಗುತ್ತದೆ.

ಈರುಳ್ಳಿಯೂ ವಿದೇಶಿ ವ್ಯಾಪಾರವೇ

ಸಮಾವೇಶದ ವೇದಿಕೆಯಲ್ಲಿ ಕಾಣದ ರಫ್ತುದಾರರು ನಮ್ಮಲ್ಲಿ ಬಹಳ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದಲ್ಲಿ ಬೆಳೆಯುವ ಚಿಕ್ಕ ಕೆಂಪು ಈರುಳ್ಳಿ, ಬೆಂಗಳೂರು ರೋಸ್. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಅಷ್ಟು ಜಾಗ ಇಲ್ಲ. ಬೆಳೆಯುವುದೇ ಸಿಂಗಪುರ, ಮಲೇಷ್ಯಾ ಕಡೆಯವರಿಗೆ. ಇದು ಈ ನೆಲದ್ದೇ ಬೆಳೆ ಎಂದು ಗುರುತಿಸುವ ಜಿಐ ಟ್ಯಾಗ್ ಕೂಡ ಇದಕ್ಕೆ ಇದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದಾಗ ಈ ಪುಟಾಣಿಯೂ ಸಿಕ್ಕಿಬಿತ್ತು. ಇದನ್ನು ಇಲ್ಲಿ ಯಾರೂ ತಿನ್ನುವುದಿಲ್ಲ ಎಂದು ರೈತರು ಬಡಿದುಕೊಂಡ ಮೇಲೆ ವಿನಾಯಿತಿ ಬಂತು. ಡಿಸೆಂಬರ್‌ನಲ್ಲಿ ರಫ್ತೇ ನಿಷೇಧ. 2024ರ ಮೇನಲ್ಲಿ ನಿಷೇಧ ತೆಗೆದರೂ ಮತ್ತೆ ಸುಂಕ, ಮತ್ತೆ ಅದೇ ಮಾತು ಹೇಳಿ ಮತ್ತೆ ವಿನಾಯಿತಿ. ಕೊಳ್ಳುವವನು ಇಷ್ಟೆಲ್ಲ ಕಾಯುತ್ತಾನಾ? ಬೇರೆ ದೇಶದ ಈರುಳ್ಳಿ ತರಿಸಿಕೊಳ್ಳುತ್ತಾನೆ. ಬೆಂಗಳೂರಿನಲ್ಲಿ ಕೂತು ಎಷ್ಟು ಪ್ರಚಾರ ಮಾಡಿದರೂ ದೆಹಲಿಯ ಒಂದು ಅಧಿಸೂಚನೆ ಅದನ್ನು ಒರೆಸಿಹಾಕಬಹುದು ಅನ್ನುವುದಕ್ಕೆ ಇದಕ್ಕಿಂತ ಸಣ್ಣ, ಖಾರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಾಫಿಯದು ಬೇರೆ ಪಾಡು. ದೇಶದ ಕಾಫಿಯಲ್ಲಿ ಸುಮಾರು ಶೇ 70 ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಕಾಫಿ ಸಮ್ಮೇಳನ ಇದೇ ಬೆಂಗಳೂರು ಅರಮನೆಯಲ್ಲಿ ನಡೆಯಿತು. ಒಳ್ಳೆ ಪ್ರಚಾರ. ಆದರೆ ಯುರೋಪಿನವರು ಈಗ ಕಾಡು ಕಡಿದು ಬೆಳೆದ ಕಾಫಿ ಬೇಡ ಅನ್ನುವ ಕಾನೂನು ಮಾಡಿದ್ದಾರೆ. ಜಾರಿಯನ್ನು ಮುಂದೂಡುತ್ತಾ ಬಂದಿದ್ದಾರೆ, ಕೈಬಿಟ್ಟಿಲ್ಲ. ನೆರಳಿನ ಮರಗಳ ಕೆಳಗೇ ಕಾಫಿ ಬೆಳೆಯುವ ನಮಗೆ ಇದರಿಂದ ಲಾಭ ಆಗಬೇಕಿತ್ತು. ಆದರೆ ಎರಡು ಎಕರೆಯ ಬೆಳೆಗಾರನೂ ತನ್ನ ತೋಟ ಎಲ್ಲಿದೆ ಅನ್ನುವುದನ್ನು ನಕ್ಷೆಯಲ್ಲಿ ಗುರುತಿಸಿ ತೋರಿಸಬೇಕು. ಪಹಣಿಯಲ್ಲಿ ಹೆಸರು ಇನ್ನೂ ತಾತನದೇ ಇರುವವರು ಏನು ಮಾಡಬೇಕು? ಯುರೋಪ್ ಒಕ್ಕೂಟದ ಕಚೇರಿ ಇರುವ ಬ್ರಸೆಲ್ಸ್‌ಗೆ ನಿಯೋಗ ಕಳಿಸುವುದಕ್ಕಿಂತ ಸೋಮವಾರಪೇಟೆ, ಮೂಡಿಗೆರೆಗೆ ಸರ್ವೆಯವರನ್ನು ಕಳಿಸುವುದೇ ಇಲ್ಲಿ ನಿಜವಾದ ರಫ್ತು ಪ್ರೋತ್ಸಾಹ.

ಪೀಣ್ಯದಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಹನ್ನೆರಡು ಜನರ ಚಿಕ್ಕ ವರ್ಕ್‌ಶಾಪು. ಪಂಪಿನ ಬಿಡಿಭಾಗ ಮಾಡುತ್ತಾರೆ. ಜರ್ಮನಿಯವರೊಬ್ಬರು ಸ್ಯಾಂಪಲ್ ಒಪ್ಪಿಕೊಂಡರು, ಬೆಲೆಯೂ ಒಪ್ಪಿಗೆ ಆಯಿತು. ಆಮೇಲೆ ಅವರು ಕಳಿಸಿದ್ದು ನಲವತ್ತು ಪುಟದ ಪ್ರಶ್ನಾವಳಿ. ಉಕ್ಕು ಎಲ್ಲಿಂದ ಬಂತು, ಕರೆಂಟು ಯಾವ ಮೂಲದ್ದು, ತ್ಯಾಜ್ಯದ ಎಣ್ಣೆ ಎಲ್ಲಿ ಹೋಗುತ್ತದೆ. ‘ಸ್ವಾಮಿ, ಪೀಸು ಮಾಡೋದು ನನಗೆ ಬರುತ್ತೆ. ಈ ಪೇಪರ್ ತುಂಬೋದಕ್ಕೆ ಇನ್ನೊಬ್ಬನ್ನ ಇಟ್ಕೊಬೇಕು’ ಅಂದರು. ಅವರ ಆರ್ಡರ್ ನಿಂತಿದ್ದು ಅಲ್ಲಿ. ತುಮಕೂರು ರಸ್ತೆಯಲ್ಲಿ ಅವರ ವರ್ಕ್‌ಶಾಪಿನಿಂದ ಸ್ವಲ್ಪ ಮುಂದೆ ಹೋದರೆ ಮಾದಾವರದ ದೊಡ್ಡ ಪ್ರದರ್ಶನ ಕೇಂದ್ರ. ಯಂತ್ರೋಪಕರಣಗಳ ಮೇಳಕ್ಕೆ ಜಗತ್ತೇ ಅಲ್ಲಿಗೆ ಬರುತ್ತದೆ. ಇವರೂ ಹೋಗುತ್ತಾರೆ, ಕೈಚೀಲದ ತುಂಬ ಬ್ರೋಷರ್ ಹಿಡಿದು ವಾಪಸ್ ಬರುತ್ತಾರೆ.

ನಮ್ಮದೇ ಮಾತಿನ ಗೊಂದಲವೂ ಹೊರಗಿನವರಿಗೆ ಕೇಳಿಸುತ್ತದೆ. 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳಲ್ಲಿ ಆಡಳಿತ ಹುದ್ದೆಗಳ ಶೇ 50, ಉಳಿದವುಗಳ ಶೇ 70 ಸ್ಥಳೀಯರಿಗೆ ಅನ್ನುವ ಮಸೂದೆಗೆ ಸಂಪುಟ ಒಪ್ಪಿತು. ಉದ್ಯಮದವರು ಕೂಗೆಬ್ಬಿಸಿದ ಕೂಡಲೇ ತಡೆಹಿಡಿದರು. ಕನ್ನಡಿಗರಿಗೆ ಕೆಲಸ ಬೇಕು ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ನಮ್ಮ ನೀರು, ನಮ್ಮ ನೆಲ ಪಡೆದವರು ನಮ್ಮ ಮಕ್ಕಳಿಗೆ ಕೆಲಸ ಕೊಡಲಿ ಅನ್ನುವುದು ನ್ಯಾಯವೇ. ಆದರೆ ಎರಡೇ ದಿನದಲ್ಲಿ ತಂದು, ಎರಡೇ ದಿನದಲ್ಲಿ ತೆಗೆದಿಟ್ಟರೆ ಕನ್ನಡಿಗರಿಗೂ ಏನೂ ಸಿಗಲಿಲ್ಲ, ಹೂಡಿಕೆದಾರನಿಗೂ ಅಳುಕು ಉಳಿಯಿತು. ಮರುವರ್ಷ ಅಕ್ಟೋಬರ್‌ನಲ್ಲಿ ಬಯೋಕಾನ್‌ನ ಕಿರಣ್ ಮಜುಂದಾರ್ ಶಾ ಅವರು, ತಮ್ಮ ಕಚೇರಿಗೆ ಬಂದ ವಿದೇಶಿ ಅತಿಥಿಯೊಬ್ಬರು ‘ರಸ್ತೆ ಯಾಕೆ ಹೀಗಿದೆ, ಕಸ ಯಾಕೆ ಇಷ್ಟಿದೆ’ ಎಂದು ಕೇಳಿದ್ದನ್ನು ಬರೆದುಕೊಂಡರು. ಅದಕ್ಕೆ ಸಚಿವರುಗಳ ಉತ್ತರ, ಪ್ರತ್ಯುತ್ತರ ಒಂದು ವಾರ ನಡೆಯಿತು. ಅತಿಥಿಯ ಪ್ರಶ್ನೆ ಹಾಗೇ ಉಳಿಯಿತು.

ಒಂದು ಒಳ್ಳೆಯದನ್ನೂ ಹೇಳಬೇಕು. 2025ರ ಜನವರಿ 17ಕ್ಕೆ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯಿತು. ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್, ಆಸ್ಟ್ರೇಲಿಯಾದವರ ಕಚೇರಿಗಳು ಮೊದಲೇ ಇದ್ದವು. ಬೇರೆ ದೇಶದ ವ್ಯಾಪಾರ ವಿಭಾಗದವರು ಇಲ್ಲೇ, ನಮ್ಮ ಊರಲ್ಲೇ ಕೂತಿದ್ದಾರೆ. ಅವರ ಜೊತೆ ಮಾತಾಡುವುದಕ್ಕೆ ಜಗತ್ತಿನ ಉದ್ಯಮಿಗಳು ಸೇರುವ ದಾವೋಸ್‌ಗೇ ಹೋಗಬೇಕಾಗಿಲ್ಲ.

ಒಂದು ದಿನದ ಬಿಡುವು

ಪ್ರವಾಸೋದ್ಯಮವನ್ನು ಸರ್ಕಾರ ಬೇರೆ ಇಲಾಖೆಯಾಗಿ ನೋಡುತ್ತದೆ, ಬೇರೆ ಮೇಳ ಮಾಡುತ್ತದೆ. ಹೂಡಿಕೆ ಸಮಾವೇಶ ಮುಗಿದ ಎರಡೇ ವಾರಕ್ಕೆ, 2025ರ ಫೆಬ್ರುವರಿ 26ಕ್ಕೆ, ಕರ್ನಾಟಕ ಅಂತರರಾಷ್ಟ್ರೀಯ ಪ್ರವಾಸ ಮೇಳ ಶುರುವಾಯಿತು. 2024–29ರ ಪ್ರವಾಸೋದ್ಯಮ ನೀತಿಯೂ ಬಂತು. ಹಂಪಿ 1986ರಿಂದ, ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆ ಪಟ್ಟಿಯಲ್ಲಿವೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ತೋರಿಸುವುದಕ್ಕೆ ಸರಕು ಕಡಿಮೆ ಇಲ್ಲ. ಆದರೆ ಮೇಳ ಮುಗಿದ ಮರುವಾರವೇ, ಮಾರ್ಚ್ 6ರ ರಾತ್ರಿ, ಹಂಪಿ ಪಕ್ಕದ ಸಣಾಪುರದಲ್ಲಿ ಇಸ್ರೇಲಿನ ಪ್ರವಾಸಿ ಮಹಿಳೆ ಮತ್ತು ಹೋಂಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ನಡೆಯಿತು, ಒಬ್ಬ ಪ್ರವಾಸಿ ಕಾಲುವೆಯಲ್ಲಿ ಜೀವ ಬಿಟ್ಟ. ಅಂಥ ಕಡೆ ರಾತ್ರಿ ದೀಪ, ಪೊಲೀಸ್ ಗಸ್ತು ಇದೆಯೇ ಅನ್ನುವುದಕ್ಕಿಂತ ದೊಡ್ಡ ಪ್ರವಾಸ ನೀತಿ ಯಾವುದೂ ಇಲ್ಲ.

ವ್ಯಾಪಾರಕ್ಕೆ ಬಂದವನೇ ನಮ್ಮ ಅತ್ಯುತ್ತಮ ಪ್ರವಾಸಿ ಅನ್ನುವುದು ನನ್ನ ಅನುಭವ. ಟಿಕೆಟ್ ಕಂಪನಿಯದು, ಹೋಟೆಲ್ ಕಂಪನಿಯದು, ಕೊನೆಗೆ ಒಂದು ದಿನ ಬಿಡುವು. ಕಳೆದ ವರ್ಷ ಗೆಳೆಯನೊಬ್ಬ ಫೋನ್ ಮಾಡಿದ. ‘ಜಪಾನಿನಿಂದ ಒಬ್ಬರು ಬಂದಿದ್ದಾರೆ ಕಣೋ. ಭಾನುವಾರ ಖಾಲಿ. ಮಾಲ್ ಬಿಟ್ಟು ಬೇರೆ ಎಲ್ಲಾದರೂ ಕರ್ಕೊಂಡು ಹೋಗ್ಬೇಕು, ನೀನೂ ಬಾ’ ಅಂದ. ಸೋಮನಾಥಪುರಕ್ಕೆ ಹೋದೆವು.

1258ರ ದೇವಸ್ಥಾನ. ಆ ಹಿರಿಯರು ಎರಡು ಗಂಟೆ ಗೋಡೆ ಬಿಟ್ಟು ಕದಲಲಿಲ್ಲ. ಕೆತ್ತಿದವರು ತಮ್ಮ ಹೆಸರನ್ನು ಕಲ್ಲಿನಲ್ಲೇ ಬರೆದಿದ್ದಾರೆ, ನೋಡಿ ಇಲ್ಲಿ ಮಲ್ಲಿತಮ್ಮ ಎಂದಿದೆ ಎಂದು ತೋರಿಸಿದೆ. ಅವರು ಅದನ್ನು ನೋಡಿ, ಮುಟ್ಟದೆ ಕೈ ಹತ್ತಿರ ತಂದು, ತಲೆ ಬಾಗಿಸಿದರು. ಕಾರ್ಖಾನೆಯ ಮನುಷ್ಯ, ಕೆಲಸದ ನಯ ಅವರಿಗೆ ಗೊತ್ತು. ಹೊರಗೆ ಬಂದಾಗ ಜಪಾನಿ ಭಾಷೆಯಲ್ಲಿ ಏನಾದರೂ ಪುಸ್ತಕ ಸಿಗುತ್ತದಾ ಎಂದು ಕೇಳಿದರು. ಎಳನೀರು ಸಿಕ್ಕಿತು.

ವಾಪಸ್ ಬರುವಾಗ ಮೊಮ್ಮಗಳಿಗೆ ಏನಾದರೂ ಒಯ್ಯಬೇಕು ಅಂದರು. ಗೆಳೆಯ ಚನ್ನಪಟ್ಟಣದ ಬೊಂಬೆಯ ಕಥೆ ಶುರು ಮಾಡಿದ. ಹಾಲೆ ಮರ, ಅರಗಿನ ಬಣ್ಣ, ಟಿಪ್ಪುವಿನ ಕಾಲದ ಮಾತು. ಮೊದಲಾದರೆ ಹೆದ್ದಾರಿಯ ಎರಡೂ ಪಕ್ಕ ಬೊಂಬೆ ಅಂಗಡಿಗಳೇ. ಮದ್ದೂರಿನಲ್ಲಿ ವಡೆ, ಚನ್ನಪಟ್ಟಣದಲ್ಲಿ ಬೊಂಬೆ, ರಾಮನಗರದಲ್ಲಿ ಟೀ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೂರೂ ಊರು ಬೈಪಾಸಿನ ಆಚೆ ಉಳಿದವು. ಅವನ ಕಥೆ ಮುಗಿಯುವಷ್ಟರಲ್ಲಿ ಚನ್ನಪಟ್ಟಣ ದಾಟಿಹೋಗಿತ್ತು. ಹಿಂದಕ್ಕೆ ತಿರುಗಿಸುವುದಕ್ಕೆ ಜಾಗ ಇಲ್ಲ.

ಬೊಂಬೆಯನ್ನು ವಿಮಾನ ನಿಲ್ದಾಣದಲ್ಲಿ ಕೊಂಡರಂತೆ. ಬೆಲೆ ಎಷ್ಟು ಕೊಟ್ಟರು ಅಂತ ನಾನು ಕೇಳಲಿಲ್ಲ.